ಪರೀಕ್ಷಕನಿಗೂ ಪರೀಕ್ಷೆ ಬೇಕು

ಕಾಕ್ಕನಾಡಿನ ಇನ್ಫೋಪಾರ್ಕಿಗೆ ಹೋಗುವ ನಮ್ಮ ಮಕ್ಕಳ ಪಕ್ಕದಲ್ಲಿ ಈಗ ಪ್ರೋಗ್ರಾಮು ಬರೆಯುವ ಕೃತಕ ಬುದ್ಧಿಯೂ ಕುಳಿತಿದೆ. ಅದನ್ನು ಅಳೆಯಲು 2023ರಲ್ಲಿ ‘ಎಸ್‌ಡಬ್ಲ್ಯುಇ-ಬೆಂಚ್’ ಎಂಬ ಪ್ರಶ್ನೆಪತ್ರಿಕೆ ಬಂತು: 12 ಪೈಥಾನ್ ಯೋಜನೆಗಳಿಂದ ಆಯ್ದ 2,294 ನಿಜವಾದ ದೂರುಗಳು. ಯಂತ್ರ ಪ್ರೋಗ್ರಾಮನ್ನು ತಿದ್ದಬೇಕು. ಸರಿಯೋ ತಪ್ಪೋ ಎಂದು ಇನ್ನೊಂದು ಪ್ರೋಗ್ರಾಮೇ ತಾಳೆ ನೋಡುತ್ತದೆ. ಕಲ್ಪಿತ ಲೆಕ್ಕಗಳಿಗಿಂತ ಇದು ಮೇಲೆಂದು ನಾವು ಒಪ್ಪುತ್ತೇವೆ.

ಆದರೆ 2024ರಲ್ಲಿ 93 ಪ್ರೋಗ್ರಾಮರುಗಳು 1,699 ಪ್ರಶ್ನೆಗಳನ್ನು ಓದಿ ನೋಡಿದಾಗ, ಶೇಕಡ 61ರಷ್ಟರಲ್ಲಿ ಸರಿಯುತ್ತರಕ್ಕೂ ಸೊನ್ನೆ ಕೊಡಬಹುದಾದ ತಾಳೆಕ್ರಮವಿತ್ತು! ಕೊನೆಗೆ ಆರಿಸಿಕೊಂಡದ್ದು 500.

ಲೆಕ್ಕ ತನಿಖೆ ಮಾಡುವವರ ಪುಸ್ತಕವನ್ನೂ ಯಾರಾದರೂ ತೆರೆದು ನೋಡಬೇಕು. ಯಂತ್ರದ ಅಂಕ ತೋರಿಸಿ ನಮ್ಮ ಮಕ್ಕಳನ್ನು ತೂಗುವ ಯಜಮಾನರು, ಮೊದಲು ಆ ತಕ್ಕಡಿಯನ್ನು ಪರೀಕ್ಷಿಸಲಿ.