ಬಿಲ್ಲೆಯೂ ಚಿಕಿತ್ಸೆಯೂ: ಒಂದು ಗ್ರಂಥದ ವಿಮರ್ಶೆ

ಅಯ್ಲನ್ ಮತ್ತು ಆಜ್ರಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ‘ದಿ ಟೋಕನ್ ಎಕಾನಮಿ’ ಎಂಬ ಗ್ರಂಥವು ತನ್ನ ಉಪಶೀರ್ಷಿಕೆಯಲ್ಲಿ ಚಿಕಿತ್ಸೆಗೂ ಪುನರ್ವಸತಿಗೂ ಒದಗುವ ಒಂದು ‘ಪ್ರೇರಣಾ ವ್ಯವಸ್ಥೆ’ಯನ್ನು ವಾಗ್ದಾನಮಾಡುವುದು. ಆ ವಾಗ್ದಾನವು ಎಷ್ಟರಮಟ್ಟಿಗೆ ನೆರವೇರಿತೆಂಬುದೇ ಇಲ್ಲಿಯ ವಿಚಾರ.

ಇಲಿನಾಯ್ ಸಂಸ್ಥಾನದ ಆನಾ ಸರಕಾರಿ ಆಸ್ಪತ್ರೆಯ ಸ್ತ್ರೀಯರ ವಾರ್ಡೊಂದರಲ್ಲಿ 1961ರಿಂದ ನಡೆದ ಪ್ರಯೋಗಗಳೇ ಗ್ರಂಥದ ವಸ್ತು. ಅಲ್ಲಿಯ ರೋಗಿಗಳಲ್ಲಿ ಬಹುಮಂದಿ ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಾರಕ್ಕೆ ಒಳಗಾದವರು. ಅವರು ಮೈ ತೊಳೆದರೆ, ಅಡಿಗೆಮನೆಯಲ್ಲಿ ಕೆಲಸಮಾಡಿದರೆ ಬಿಲ್ಲೆಗಳು ದೊರೆಯುತ್ತಿದ್ದುವು. ಬಿಲ್ಲೆಗಳಿಗೆ ಬದಲಾಗಿ ತಿಂಡಿ, ಚಲನಚಿತ್ರ, ಹೊರಗಿನ ತಿರುಗಾಟ, ಮೆಚ್ಚಿದ ಕೊಠಡಿ.

1965ರಲ್ಲಿಯೇ ಪ್ರಕಟವಾಗಿದ್ದ ಒಂದು ಪ್ರಯೋಗವು ವಿಶೇಷವಾಗಿ ಗಮನಾರ್ಹವಾದುದು. 44 ಮಂದಿ ರೋಗಿಗಳಿಗೆ ಕೆಲಸಮಾಡಲಿ ಬಿಡಲಿ ಬಿಲ್ಲೆಗಳನ್ನು ಕೊಡತೊಡಗಿದಾಗ ಕೆಲಸವು ಬಹುಬೇಗ ಕುಗ್ಗಿತು. ಹಿಂದಿನ ನಿಯಮವನ್ನು ಮರಳಿ ತಂದೊಡನೆ ಮೊದಲಿನಂತೆ ಏರಿತು. ಇದರಿಂದ ಬಹುಮಾನದ ಬಲವು ಸಿದ್ಧವಾಯಿತೆಂದು ಗ್ರಂಥಕರ್ತರು ಹೇಳುವುದು ಯುಕ್ತವೇ. ಆದರೆ ಇದೇ ಫಲಿತಾಂಶವು ಇನ್ನೆರಡು ಸಂಗತಿಗಳನ್ನೂ ಹೇಳುತ್ತದೆ. ಬುದ್ಧಿಯು ಸಂಪೂರ್ಣವಾಗಿ ನಷ್ಟವಾಯಿತೆಂದು ಲೋಕವು ಕೈಬಿಟ್ಟಿದ್ದವರಲ್ಲಿ ಲಾಭನಷ್ಟಗಳನ್ನು ಎಣಿಸುವ ವಿವೇಕವು ಬದುಕಿದ್ದಿತು. ಇದು ಗ್ರಂಥದ ಹಿರಿಮೆ. ಬಿಲ್ಲೆಯು ಹೋದರೆ ಕೆಲಸವೂ ಹೋಗುವುದಾದರೆ, ಹುಟ್ಟಿದುದು ಕೂಲಿಯೇ ಹೊರತು ಪ್ರೇರಣೆಯಲ್ಲ. ಇದು ಅದರ ಕೊರತೆ. ರೋಗಿಗೆ ಕೇಳಿಸುವ ಧ್ವನಿಗಳನ್ನಾಗಲಿ ಭ್ರಮೆಗಳನ್ನಾಗಲಿ ಈ ಲೆಕ್ಕವು ಮುಟ್ಟುವುದಿಲ್ಲ.

ಕೊರತೆಗಿಂತ ದೊಡ್ಡದಾದ ಆಕ್ಷೇಪವೊಂದುಂಟು. ಏಕಾಂತವೂ ಒಳ್ಳೆಯ ಮಲಗುವ ಸ್ಥಳವೂ ಬಹುಮಾನಗಳಾಗಬೇಕಾದರೆ, ಮೊದಲು ಅವು ರೋಗಿಗೆ ಇಲ್ಲದಿರಬೇಕಷ್ಟೆ. 1972ರಲ್ಲಿ ಅಲಬಾಮದ ವಯಟ್ ಮೊಕದ್ದಮೆಯ ತೀರ್ಪು ಇಂಥವನ್ನು ರೋಗಿಯ ಹಕ್ಕುಗಳೆಂದು ಸಾರಿತು. ಆಸ್ಪತ್ರೆಗಾಗಿ ದುಡಿಸಿಕೊಂಡರೆ ನ್ಯಾಯವಾದ ಸಂಬಳವನ್ನು ಕೊಡಬೇಕೆಂದೂ ವಿಧಿಸಿತು. ಹಕ್ಕನ್ನು ಕಸಿದು ಬಹುಮಾನವಾಗಿ ಹಿಂದಿರುಗಿಸುವುದು ಚಿಕಿತ್ಸೆಯೆನಿಸದು.

ಹಾಗೆಂದು ಮಾರ್ಗವೇ ತ್ಯಾಜ್ಯವೆನ್ನಲಾಗದು. ಪಾಲ್ ಮತ್ತು ಲೆಂಟ್ಸ್ 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 84 ಮಂದಿ ದೀರ್ಘರೋಗಿಗಳನ್ನು ಮೂರು ಗುಂಪುಗಳಾಗಿ ಮಾಡಿ ಪರೀಕ್ಷಿಸಲಾಯಿತು; ಬಿಲ್ಲೆಯೊಡನೆ ಮೆಚ್ಚುನುಡಿ, ಮಾತುಕತೆ, ನಿತ್ಯಕೃತ್ಯಗಳ ಶಿಕ್ಷಣ ಇವುಗಳನ್ನು ಕೂಡಿಸಿದ ಗುಂಪೇ ಉಳಿದೆರಡನ್ನು ಮೀರಿಸಿತು. ಆಸ್ಪತ್ರೆಯನ್ನು ಬಿಟ್ಟು ಹೊರಗೆ ಬಾಳುವುದರಲ್ಲಿಯೂ ಅದೇ ಮುಂದಾಯಿತು. ಬಿಲ್ಲೆಯು ಕೈಹಿಡಿದು ದಾಟಿಸುವ ಊರುಗೋಲು. ದಾಟಿದ ಮೇಲೆ ರೋಗಿಯು ಅದಿಲ್ಲದೆ ನಡೆದನೇ ಎಂಬುದೇ ಪರೀಕ್ಷೆ. ಆ ಪರೀಕ್ಷೆಯನ್ನು ಮುಂದಿನವರಿಗೆ ಬಿಟ್ಟುದರಿಂದ ಈ ಗ್ರಂಥವು ಶಾಸ್ತ್ರದ ಆರಂಭವಾಗಿಯೇ ಮಾನ್ಯವು, ಸಿದ್ಧಾಂತವಾಗಿ ಅಲ್ಲ.