ಮಲವಗೊಪ್ಪದಿಂದ ಆರ್.ಪಿ. ಮಿಶ್ರಾ ಅವರನ್ನು ಓದುವುದು

ಕನ್ನಡದಲ್ಲಿ ಭೂಗೋಳ ಎಂದರೆ ಇಂದಿಗೂ ಹೈಸ್ಕೂಲಿನ ನಕ್ಷೆ, ನದಿಗಳ ಉದ್ದ, ಬೆಳೆಗಳ ಪಟ್ಟಿ. ನಮ್ಮ ವಿಮರ್ಶೆ ಇತಿಹಾಸಕಾರರನ್ನೂ ಸಮಾಜಶಾಸ್ತ್ರಜ್ಞರನ್ನೂ ಓದಿಕೊಂಡಷ್ಟು ಭೂಗೋಳಶಾಸ್ತ್ರಜ್ಞರನ್ನು ಓದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡೇ ದೇಶದ ಯೋಜನಾ ಚಿಂತನೆಗೆ ಒಂದು ಮಾದರಿ ಕೊಟ್ಟ ಆರ್.ಪಿ. ಮಿಶ್ರಾ ಅವರ ಹೆಸರು ಸಾಹಿತ್ಯದ ವಿದ್ಯಾರ್ಥಿಗಳ ಕಿವಿಗೆ ಬೀಳದಿರುವುದಕ್ಕೆ ಇದೂ ಒಂದು ಕಾರಣ.

ಮಿಶ್ರಾ ಅವರ ವೃತ್ತಿಜೀವನದಲ್ಲಿ ಒಂದೇ ಪ್ರಶ್ನೆ ಬೇರೆಬೇರೆ ರೂಪದಲ್ಲಿ ಮರಳಿ ಬರುತ್ತದೆ: ಒಂದು ಕಡೆ ಹುಟ್ಟಿದ್ದು ಇನ್ನೊಂದು ಕಡೆಗೆ ಹೇಗೆ ತಲುಪುತ್ತದೆ? 1968ರಲ್ಲಿ ಮೈಸೂರಿನ ಪ್ರಸಾರಾಂಗ ಪ್ರಕಟಿಸಿದ ಅವರ ಪುಸ್ತಕ ಹೊಸ ಕೃಷಿ ಪದ್ಧತಿಗಳು ರೈತರಲ್ಲಿ ಹರಡುವ ಬಗೆಯನ್ನು ಕುರಿತದ್ದು. ಆಮೇಲೆ ಅವರು ಮೈಸೂರಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. 1974ರಲ್ಲಿ ಕೆ.ವಿ. ಸುಂದರಂ ಮತ್ತು ವಿ.ಎಲ್.ಎಸ್. ಪ್ರಕಾಶ ರಾವ್ ಅವರೊಂದಿಗೆ ಭಾರತದ ಪ್ರಾದೇಶಿಕ ಯೋಜನೆಯ ಬಗ್ಗೆ ಬರೆದ ಗ್ರಂಥ ಅವರಿಗೆ ಹೆಸರು ತಂದಿತು. ಮುಂದೆ ಜಪಾನಿನ ನಗೋಯಾದಲ್ಲಿರುವ ವಿಶ್ವಸಂಸ್ಥೆಯ ಪ್ರಾದೇಶಿಕ ಅಭಿವೃದ್ಧಿ ಕೇಂದ್ರದಲ್ಲಿ ಕೆಲಸ ಮಾಡಿದರು. ಅಲಹಾಬಾದ್ ವಿಶ್ವವಿದ್ಯಾನಿಲಯದ ಕುಲಪತಿಯೂ ಆದರು.

ಅವರ ಮಾದರಿ ಒಂದು ಏಣಿಯಂತಿದೆ. ಕೆಳಗೆ ಕೇಂದ್ರ ಗ್ರಾಮ, ಅದರ ಮೇಲೆ ಸೇವಾ ಕೇಂದ್ರ, ಬೆಳವಣಿಗೆಯ ಬಿಂದು, ಬೆಳವಣಿಗೆಯ ಕೇಂದ್ರ, ತುದಿಯಲ್ಲಿ ಬೆಳವಣಿಗೆಯ ಧ್ರುವ. ಪ್ರತಿ ಮೆಟ್ಟಿಲಿಗೂ ಅದರದೇ ಕೆಲಸ. ಆಸ್ಪತ್ರೆ, ಮಾರುಕಟ್ಟೆ, ಕಾರ್ಖಾನೆಗಳು ಎಲ್ಲಿರಬೇಕೆಂದು ಹೀಗೆ ಯೋಚಿಸಿ ನಿರ್ಧರಿಸಿದರೆ ಮಹಾನಗರದ ಲಾಭ ಹಳ್ಳಿಗೂ ಇಳಿದು ಬರುತ್ತದೆ ಎಂಬುದು ಅದರ ಭರವಸೆ. ಇದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎಲ್ಲವೂ ದೆಹಲಿ, ಬೆಂಗಳೂರುಗಳಲ್ಲೇ ನಡೆಯುವ ದೇಶದಲ್ಲಿ, ಹಳ್ಳಿಗೂ ಯೋಜನೆಯ ನಕ್ಷೆಯಲ್ಲಿ ಒಂದು ಚುಕ್ಕೆ ಇರಬೇಕು ಎಂದು ವಾದಿಸುವುದು ಸಣ್ಣ ಮಾತಲ್ಲ.

ಆದರೆ ಈ ಏಣಿಯನ್ನು ಮಲವಗೊಪ್ಪಕ್ಕೆ ತಂದು ನಿಲ್ಲಿಸಿ ನೋಡೋಣ. ಸುಮಾರು 20 ಕಿಲೋಮೀಟರ್ ಅಂತರದ ಶಿವಮೊಗ್ಗ, ಭದ್ರಾವತಿಗಳ ನಡುವಿನ ಹೆದ್ದಾರಿಯ ಊರು ಇದು. ಒಂದು ಕಡೆ ಆಡಳಿತದ ನಗರ, ಇನ್ನೊಂದು ಕಡೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮತ್ತು 1930ರ ದಶಕದ ಕಾಗದದ ಕಾರ್ಖಾನೆಯಿರುವ ಪಟ್ಟಣ. ಊರಿನಲ್ಲೇ ತುಂಗಭದ್ರಾ ಸಕ್ಕರೆ ಕಾರ್ಖಾನೆಯಿತ್ತು. ಏಣಿಯ ಲೆಕ್ಕದಲ್ಲಿ ಬೆಳೆಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ನಡೆದದ್ದು ಬೇರೆ. ಸಕ್ಕರೆ ಕಾರ್ಖಾನೆ ನಿಂತು ದಶಕಗಳಾದವು. ಭದ್ರಾವತಿಯ ಕಾಗದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು, ಕಾರ್ಮಿಕರ ಹೋರಾಟದ ನಂತರ ಅದೇ ಆಗಸ್ಟ್‌ನಲ್ಲಿ ಭಾಗಶಃ ಉತ್ಪಾದನೆ ಮತ್ತೆ ಶುರುವಾಯಿತು.

ಮಿಶ್ರಾ ಅವರ ಚೌಕಟ್ಟಿನಲ್ಲಿ ಕಾರ್ಖಾನೆ ಎಲ್ಲಿ ಬರಬೇಕು ಎಂಬುದಕ್ಕೆ ಉತ್ತರವಿದೆ. ಅದನ್ನು ಮುಚ್ಚುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಆರ್ಥಿಕ ಭೂಗೋಳ ರಾಜಕೀಯ ಭೂಗೋಳದಿಂದ ಬೇರೆಯಾಗಿ ನಿಂತುಬಿಟ್ಟಿರುವುದು ಇಲ್ಲಿಯೇ. ಕುತೂಹಲದ ಸಂಗತಿಯೆಂದರೆ, ಬೆಳವಣಿಗೆಯ ಧ್ರುವ ಎಂಬ ಪರಿಕಲ್ಪನೆಯನ್ನು ಕೊಟ್ಟ ಫ್ರೆಂಚ್ ಅರ್ಥಶಾಸ್ತ್ರಜ್ಞ ಫ್ರಾನ್ಸ್ವಾ ಪೆರು ಯಜಮಾನಿಕೆಯ ಬಗ್ಗೆಯೂ ಬರೆದಿದ್ದ. ದೊಡ್ಡ ಉದ್ಯಮ ಉಳಿದವುಗಳನ್ನು ತನಗೆ ಬೇಕಾದಂತೆ ಬಾಗಿಸುತ್ತದೆ ಎಂಬುದು ಅವನ ಚಿಂತನೆಯ ಒಂದು ಮುಖ್ಯ ಎಳೆ. ಆ ಮಾತು ಯೋಜನೆಯ ಸಲಕರಣೆಯಾಗುವಾಗ ಯಜಮಾನಿಕೆ ಹಿಂದೆ ಸರಿದು ಬೆಳವಣಿಗೆ ಮಾತ್ರ ಉಳಿಯಿತು. ಹತ್ತು ವರ್ಷಗಳ ಬಳಿಕ, 1984ರಲ್ಲಿ, ಬ್ರಿಟನ್ನಿನ ಡೊರೀನ್ ಮ್ಯಾಸಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ದುಡಿಮೆ ಒಂದೂರಿನಲ್ಲಿ ಮತ್ತು ತೀರ್ಮಾನ ಇನ್ನೊಂದೂರಿನಲ್ಲಿ ಇರುವುದನ್ನೇ ಅಸಮಾನತೆಯ ಮೂಲವಾಗಿ ಕಂಡಳು.

ಹರಿವು ಎರಡೂ ದಿಕ್ಕಿಗೆ ಇರುತ್ತದೆ ಎಂಬುದನ್ನೂ ಮಲೆನಾಡು ಬಲ್ಲದು. ಕಬ್ಬಿಣ ಕರಗಿಸಲು ಮೊದಲು ಉರಿದದ್ದು ಇಲ್ಲಿನ ಕಾಡಿನ ಇದ್ದಿಲು. ಕಾಗದಕ್ಕಾಗಿ ಬೆಳೆದ ನೀಲಗಿರಿ, ಅಕೇಶಿಯಾ ನೆಡುತೋಪುಗಳ ವಿರುದ್ಧ ಕಾರ್ಖಾನೆ ನಿಂತ ಮೇಲೂ ಜನ ಹೋರಾಡಬೇಕಾಯಿತು. ಏಣಿಯಿಂದ ಇಳಿದುಬಂದದ್ದಕ್ಕೆ ಲೆಕ್ಕವಿದೆ, ಏರಿಹೋದದ್ದಕ್ಕೆ ಇಲ್ಲ.

ಈ ಮಿತಿ ಮಿಶ್ರಾ ಒಬ್ಬರದೇ ಅಲ್ಲ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಬಳಸಿ, 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದಿತು. ಉತ್ತರ ಕರ್ನಾಟಕದ ಕೂಗಿಗೆ ಅಂಕಿಗಳ ಬಲ ಕೊಟ್ಟ ಆ ವರದಿಯ ರಾಜಕೀಯ ಮಹತ್ವ ದೊಡ್ಡದು. ಆದರೆ ಸೂಚ್ಯಂಕವೂ ಎಣಿಸುವುದು ಇರುವುದನ್ನು; ಇರುವುದನ್ನು ಯಾರು ಕಿತ್ತುಕೊಳ್ಳಬಲ್ಲರು ಎಂಬುದನ್ನಲ್ಲ. ತಾಲ್ಲೂಕಿನ ಸರಾಸರಿಯಲ್ಲಿ ಮಲವಗೊಪ್ಪದಂಥ ಊರು ಕಾಣುವುದೂ ಇಲ್ಲ.

ಹಾಗಾದರೆ ಮಿಶ್ರಾ ಅವರನ್ನು ಇಂದು ಓದುವುದೇಕೆ? ಊರುಗಳು ತಾವಾಗಿ ಬೆಳೆಯುವುದಿಲ್ಲ, ತಾವಾಗಿ ಸಾಯುವುದೂ ಇಲ್ಲ. ಅದರ ಹಿಂದೆ ತೀರ್ಮಾನಗಳಿರುತ್ತವೆ ಎಂಬ ಅರಿವಿಗೆ ಅವರ ನಕ್ಷೆಯೇ ಮೊದಲ ಪಾಠ. ಅವರು ಕೇಳಿದ್ದು ‘ಎಲ್ಲಿ’ ಎಂದು. ಆ ಪ್ರಶ್ನೆಯ ಪಕ್ಕಕ್ಕೆ ‘ಯಾರು’ ಎಂಬುದನ್ನು ಸೇರಿಸಿ, ಅದನ್ನು ಕನ್ನಡದಲ್ಲೇ ಕೇಳುವ ಕೆಲಸ ಭೂಗೋಳದ ವಿದ್ಯಾರ್ಥಿಗಳದ್ದು ಮಾತ್ರವಲ್ಲ, ಊರುಗಳ ಬಗ್ಗೆ ಕತೆ ಬರೆಯುವವರದ್ದೂ ಹೌದು.