ಲಂಗರಿನ ವಿರಾಮ

ಕಥೆಯೊಳಗೆ ಕಥೆಯನ್ನು ಹೇಳಿಸುವ ಕ್ರಮವು ನಮ್ಮವರಿಗೆ ಹೊಸತಲ್ಲ. ನೈಮಿಶಾರಣ್ಯದ ಸತ್ರದಲ್ಲಿ ಶೌನಕಾದಿಗಳು ಸೂತನನ್ನು ಕೇಳಿದರು. ಅವನು ಭಾರತವನ್ನು ಹೇಳಿದನು. ಅಲ್ಲಿ ಕೇಳುವವರಿಗೆ ಶ್ರದ್ಧೆಯಿತ್ತು. ಶ್ರದ್ಧೆಯಿಲ್ಲದೆ, ಹೊತ್ತು ಹೋಗದುದರಿಂದ ಮಾತ್ರ ಕಿವಿಗೊಟ್ಟವರ ಮುಂದೆ ಕಥೆಯನ್ನು ಹೇಳಿದರೆ ಅದರ ಗತಿಯೇನು? ಜೋಸೆಫ್ ಕಾನ್ರಾಡನು 1899ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಎಂಬ ನೀಳ್ಗತೆಯು ಈ ಪ್ರಶ್ನೆಯನ್ನು ಎತ್ತುತ್ತದೆ.

ಥೇಮ್ಸ್ ನದಿಯ ಅಳಿವೆಯ ಬಳಿ ‘ನೆಲ್ಲಿ’ ಎಂಬ ಹಾಯಿದೋಣಿಯು ಲಂಗರು ಹಾಕಿ ನಿಂತಿದೆ. ಗಾಳಿ ಬಿದ್ದುಹೋಗಿದೆ, ಉಬ್ಬರದ ನೀರು ಎದುರಾಗಿ ಏರಿದೆ, ಕೆಳಕ್ಕೆ ಸಾಗತಕ್ಕವರು ಇಳಿತ ಬರುವವರೆಗೆ ಕಾಯಲೇಬೇಕು. ದೋಣಿಯಲ್ಲಿ ಐವರು: ಕಂಪೆನಿಗಳ ನಿರ್ದೇಶಕ, ವಕೀಲ, ಲೆಕ್ಕಿಗ, ನಿರೂಪಕ, ಮತ್ತು ಮಾರ್ಲೋ ಎಂಬ ನಾವಿಕ. ಇರುವ ಒಂದೇ ದಿಂಬು ವಕೀಲನ ಪಾಲಾಗಿದೆ. ಲೆಕ್ಕಿಗನು ಡಾಮಿನೋ ಪೆಟ್ಟಿಗೆಯನ್ನು ತಂದು ಕಾಯಿಗಳನ್ನು ಜೋಡಿಸುತ್ತಾನೆ. ಆಟವು ಮಾತ್ರ ಮೊದಲಾಗುವುದೇ ಇಲ್ಲ. ಆಟದ ಬದಲಿಗೆ ಮಾರ್ಲೋವಿನ ಕಾಂಗೋ ಪ್ರಯಾಣದ ಕಥೆ ಮೊದಲಾಗುತ್ತದೆ.

ಈ ಪೀಠಿಕೆಯನ್ನು ಬರಿಯ ಅಲಂಕಾರವೆಂದು ದಾಟಿಹೋಗುವ ವಾಚಕರುಂಟು. ಅದು ಸರಿಯಲ್ಲ. ಡಾಮಿನೋ ಕಾಯಿಗಳನ್ನು ಆ ಕಾಲದಲ್ಲಿ ಮೂಳೆಯಿಂದಲೂ ದಂತದಿಂದಲೂ ಕಡೆದು ಮಾಡುತ್ತಿದ್ದರು. ಕಥೆಯಲ್ಲಿ ಮನುಷ್ಯರನ್ನು ಮೃಗಗಳಾಗಿಸುವ ಆಸೆಯೂ ದಂತದ ಆಸೆಯೇ. ಕಾಂಗೋ ದೇಶವು 1885ರಿಂದ 1908ರವರೆಗೆ ಬೆಲ್ಜಿಯಮಿನ ದೊರೆ ಎರಡನೆಯ ಲಿಯೋಪೋಲ್ಡನ ಸ್ವಂತ ಸೊತ್ತಾಗಿತ್ತು; 1890ರಲ್ಲಿ ಕಾನ್ರಾಡನೇ ಅಲ್ಲಿಯ ನದಿಯಲ್ಲಿ ಹಬೆಹಡಗಿನ ಮೇಲೆ ಸಂಚರಿಸಿದ್ದನು. ದೂರದ ಆ ಸುಲಿಗೆಗೆ ಬಂಡವಾಳ, ಕರಾರು, ಲೆಕ್ಕ ಇವು ಮೂರೂ ಬೇಕು. ಇವುಗಳನ್ನು ಒದಗಿಸುವ ವೃತ್ತಿಯವರೇ ದೋಣಿಯಲ್ಲಿ ಒರಗಿ ಕುಳಿತಿದ್ದಾರೆ. ನಡುವೆ ಒಬ್ಬನು ಅಸಹನೆಯನ್ನು ತೋರಿದಾಗ ಮಾರ್ಲೋ ಸಿಡಿದು, ಅವರ ನೆಮ್ಮದಿಯ ಬಾಳನ್ನು ಎರಡು ಲಂಗರು ಬಿಗಿದ ಹಡಗಿಗೆ ಹೋಲಿಸುತ್ತಾನೆ. ಕೃತಿಯ ತಿರುಳು ಈ ಹೋಲಿಕೆಯಲ್ಲಿದೆ: ಕದಲದೆ ಕುಳಿತವರಿಗೆ ಪರರ ಯಾತನೆಯು ಕಾಲಕ್ಷೇಪವಾಗಿಬಿಡುವುದು ಸುಲಭ.

ಕೃತಿಯ ದೋಷವೂ ಇದೇ ದೋಣಿಯಲ್ಲಿದೆ. ನೈಜೀರಿಯದ ಕಾದಂಬರಿಕಾರ ಚಿನುವ ಅಚಿಬೆಯು 1975ರ ಉಪನ್ಯಾಸವೊಂದರಲ್ಲಿ, ಕಾನ್ರಾಡನು ಆಫ್ರಿಕದವರಿಗೆ ಮಾತನ್ನೇ ಕೊಡದೆ ಅವರನ್ನು ಬರಿಯ ಹಿನ್ನೆಲೆಯನ್ನಾಗಿ ಮಾಡಿದನೆಂದು ಆಕ್ಷೇಪಿಸಿದನು. ಆಕ್ಷೇಪಣೆಯು ನ್ಯಾಯವಾದುದು. ‘ಅದು ಹಾಗಲ್ಲ’ ಎನ್ನಬಲ್ಲ ಒಬ್ಬ ಕಾಂಗೋದವನು ಆ ಐವರ ನಡುವೆ ಇರಲಿಲ್ಲ. ಲೇಖಕನು ಅವನಿಗೆ ಸ್ಥಳವನ್ನೂ ಇರಿಸಲಿಲ್ಲ. ಸುಲಿಗೆಯನ್ನು ಕಂಡ ಕಣ್ಣು ಸುಲಿಯಲ್ಪಟ್ಟವನ ಮುಖವನ್ನು ಪೂರ್ತಿಯಾಗಿ ಕಾಣಲಿಲ್ಲ.

ಆದರೂ ಮುಕ್ತಾಯದಲ್ಲಿ ಲೇಖಕನ ಪ್ರಾಮಾಣಿಕತೆಯು ಮೆಚ್ಚತಕ್ಕದ್ದು. ಕಥೆ ಮುಗಿದಾಗ ಯಾರೂ ಮರುಗುವುದಿಲ್ಲ, ಮೆಚ್ಚುವುದೂ ಇಲ್ಲ. ಇಳಿತದ ಮೊದಲ ನೀರು ತಪ್ಪಿಹೋಯಿತೆಂದು ನಿರ್ದೇಶಕನು ಹೇಳುತ್ತಾನೆ, ಅಷ್ಟೇ. ಕಥೆಯಿಂದ ಮನಸ್ಸು ತಿರುಗಿತೆಂದು ಕಾನ್ರಾಡನು ಹೇಳಲಿಲ್ಲ. ಹೊರಡುವ ಹೊತ್ತು ಮೀರಿತೆಂದು ಮಾತ್ರ ತೋರಿಸಿದನು. ಕೇಳುಗರು ಕಥೆಗಾಗಿ ತೆತ್ತುದು ಅಷ್ಟೇ ಇರಬಹುದು. ಮನೆಯ ಜಗಲಿಯಲ್ಲಿ ಕುಳಿತು ಓದುವ ನಾವು ತೆರುವುದು ಅದಕ್ಕಿಂತ ಹೆಚ್ಚೇ ಎಂಬುದನ್ನು ಸಹೃದಯರು ತಾವೇ ವಿಚಾರಿಸಿಕೊಳ್ಳಬೇಕು.